ಬೆನ್ನಲ್ಲ, ಟೊಂಕ

ಮೊನ್ನೆ ನಮ್ಮ ಗೋಡೌನಿನಲ್ಲಿ ಕೇಕ್ ಕತ್ತರಿಸಿದೆವು. ಯಾರ ಹುಟ್ಟುಹಬ್ಬವೂ ಆಗಿರಲಿಲ್ಲ. ಗೇಟು ದಾಟಿ ಒಳಗೆ ಬಂದರೆ ಎಡಗಡೆಯ ಗೋಡೆಯಲ್ಲಿ ಒಂದು ಹಸಿರು ಬೋರ್ಡಿದೆ. ಮೇಲೆ 'ಗಾಯವಿಲ್ಲದ ದಿನಗಳು' ಎಂದು ಬರೆದಿದೆ. ಕೆಳಗಿನ ಅಂಕಿಯನ್ನು ಸೆಕ್ಯೂರಿಟಿಯವರು ದಿನಾ ಬೆಳಿಗ್ಗೆ ಬದಲಿಸುತ್ತಾರೆ. ಆ ಅಂಕಿಗೆ ಒಂದು ವರ್ಷ ತುಂಬಿತ್ತು. ಇಲ್ಲಿ ಸೇಫ್ಟಿ ಟ್ರೈನರ್ ನಾನೇ ಆದ್ದರಿಂದ ಚಾಕುವನ್ನು ನನ್ನ ಕೈಗೆ ಕೊಟ್ಟು, "ಇದು ನಿಮ್ದೇ ಸಾಧನೆ ಮೇಡಂ" ಅಂದರು. ಕತ್ತರಿಸಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು.

ಆ ವರ್ಷದ ನಡುವೆ ಒಂದು ಮಧ್ಯಾಹ್ನ, ಆ ಬೋರ್ಡಿನಿಂದ ಐವತ್ತು ಹೆಜ್ಜೆ ದೂರದಲ್ಲಿ, ಬಗ್ಗಿದವರೊಬ್ಬರು ಮೇಲೇಳಲಾಗದೆ ಹಾಗೇ ನಿಂತುಬಿಟ್ಟಿದ್ದರು. ಬೋರ್ಡಿನ ಪ್ರಕಾರ ಅದು ನಡೆದೇ ಇಲ್ಲ. ಬೋರ್ಡಿನ ಜೊತೆ ವಾದ ಮಾಡಲು ಬರುವುದಿಲ್ಲ, ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಅವರ ಹೆಸರು ಬೇಡ. ಗೋಡೌನಿನಲ್ಲಿ ಸೂಪರ್‌ವೈಸರ್‌ನಿಂದ ಹಿಡಿದು ಕಸ ಗುಡಿಸುವವರವರೆಗೆ ಎಲ್ಲರಿಗೂ ಅವರು 'ಕಾಕಾ'. ನನಗೂ ಅಷ್ಟೇ.

ಬಾಗಲಕೋಟೆ ಕಡೆಯವರು. ವಯಸ್ಸು ಐವತ್ತಕ್ಕೆ ಒಂದೆರಡು ಕಡಿಮೆ ಇರಬಹುದು. ಎತ್ತರದ ಆಳು, ಹೆಗಲು ಅಗಲ, ಕಾಲು ಸಣಕಲು. ಊರಿನ ಮಾರ್ಕೆಟ್ ಯಾರ್ಡಿನಲ್ಲಿ ಇಪ್ಪತ್ತು ವರ್ಷ ಹಮಾಲಿ ಮಾಡಿ, ಆಮೇಲೆ ಹೆಂಡತಿಯೊಂದಿಗೆ ಬೆಂಗಳೂರಿಗೆ ಬಂದು ನಾಗಸಂದ್ರದ ಹಿಂದುಗಡೆ ಒಂದು ರೂಮು ಹಿಡಿದಿದ್ದರು. ಹೆಂಡತಿ ಅಪಾರ್ಟ್‌ಮೆಂಟುಗಳಲ್ಲಿ ನೆಲ ಒರೆಸುತ್ತಿದ್ದರು. ಇವರು ತುಮಕೂರು ರಸ್ತೆಯಲ್ಲಿರುವ ನಮ್ಮ ಗೋಡೌನಿಗೆ ಏಜೆನ್ಸಿಯ ಮೂಲಕ ಬಂದರು. ಫೋನಿನಲ್ಲಿ ನೀವು ಒತ್ತಿದ ಸಾಮಾನನ್ನು ರ್‍ಯಾಕಿನಿಂದ ಎತ್ತಿ ಗಾಡಿಗೆ ಹಾಕುವ ಕೆಲಸ. ಎಣ್ಣೆ ಟಿನ್ನು, ಸೋಪಿನ ಪುಡಿ, ಅಕ್ಕಿ, ಮಕ್ಕಳ ಡೈಪರ್, ನಾಯಿಯ ಆಹಾರ, ಏನು ಬಂದರೆ ಅದು.

ಮೊದಲ ದಿನ ಕೊರಳಿಗೆ ಹಾಕಿಕೊಂಡ ಕಾರ್ಡನ್ನು ನನ್ನೆದುರು ಹಿಡಿದರು. ಅದರಲ್ಲಿ 'ಇನ್ವೆಂಟರಿ ಅಸೋಸಿಯೇಟ್' ಎಂದಿತ್ತು.

"ಇದರ ಅರ್ಥ ಏನ್ರಿ ಮೇಡಮ್ಮಾರ?"

"ಸರಕು ನೋಡ್ಕೊಳ್ಳೋ ಸಹೋದ್ಯೋಗಿ ಅಂತ."

"ಸಹೋದ್ಯೋಗಿ ಅಂದ್ರ ನೀವೂ ಸರಕು ಎತ್ತೋರು ಅಂದಂಗಾತು."

"ಇಲ್ಲ, ಎತ್ತೋದು ಹೇಗೆ ಅಂತ ಹೇಳೋಳು ನಾನು."

"ಹಂಗಾದ್ರ ನಾ ಹಮಾಲ, ನೀವು ಮಾಸ್ತರು. ಅದರಾಗ 'ಸಹ' ಎಲ್ಲಿ ಬಂತ್ರಿ?"

ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಿಗೆ ಓಡಾಡಿಕೊಂಡಿದ್ದವಳು ನಾನು. ಒಂದು ಪದವನ್ನು ಹೀಗೆ ಬಾಲ ಹಿಡಿದು ಎತ್ತಿ ತೋರಿಸುವವರು ಎದುರಾಳಿ ಬೆಂಚಿನಲ್ಲೂ ಅಪರೂಪ. ಆವತ್ತೇ ಅವರು ಇಷ್ಟವಾದರು.

ಹೊಸಬರಿಗೆಲ್ಲ ನಾನು ಒಂದು ಗಂಟೆ ತರಬೇತಿ ಕೊಡಬೇಕು. ಭಾರ ಎತ್ತುವ ಸರಿಯಾದ ಭಂಗಿ ಅದರ ಮುಖ್ಯ ಭಾಗ. ಗೋಡೆಯ ಮೇಲಿನ ಚಿತ್ರದ ಕೆಳಗೆ ಕನ್ನಡದಲ್ಲಿ 'ಬೆನ್ನು ನೇರ ಇಡಿ, ಮಂಡಿ ಬಗ್ಗಿಸಿ' ಎಂದಿದೆ. ಆ ಕನ್ನಡ ನನ್ನದೇ. ಮೊದಲು ಯಾರೋ ಕಂಪ್ಯೂಟರಿನಲ್ಲಿ ಅನುವಾದಿಸಿ 'ನಿಮ್ಮ ಹಿಂಭಾಗವನ್ನು ನೇರಗೊಳಿಸಿ' ಅಂತ ಹಾಕಿದ್ದರು. ಹುಡುಗರು ಅದನ್ನು ಓದಿ ಬಿದ್ದು ಬಿದ್ದು ನಗುತ್ತಿದ್ದರು. ನಾನು ಬಂದ ಮೇಲೆ ಗೋಡೌನಿನ ಪೋಸ್ಟರು, ಫಾರ್ಮು ಎಲ್ಲದರ ಕನ್ನಡವನ್ನೂ ತಿದ್ದಿದೆ. ಅದರ ಬಗ್ಗೆ ನನಗೆ ಹೆಮ್ಮೆಯೂ ಇತ್ತು.

ಕಾಕಾ ಒಂದು ಡಬ್ಬ ಎತ್ತಿದರು. ನಾನು, "ಬೆನ್ನು ಬಗ್ಗಿಸ್ಬೇಡಿ ಕಾಕಾ" ಅಂದೆ.

"ಬೆನ್ನು ನೇರಾನ ಐತಲ್ರಿ. ಬಗ್ಗಿದ್ದು ಟೊಂಕ."

ಎಲ್ಲರೂ ನಕ್ಕರು. ನಮ್ಮ ಕಡೆ ಸೊಂಟ ಅನ್ನುವುದಕ್ಕೆ ಅವರ ಕಡೆ ಟೊಂಕ ಅನ್ನುತ್ತಾರೆ ಅನ್ನುವಷ್ಟು ನನಗೆ ಗೊತ್ತಿತ್ತು. "ಎರಡೂ ಒಂದೇ, ಎತ್ತಿ" ಅಂದೆ. ಅವರು ತಲೆ ಅಲ್ಲಾಡಿಸಿದರು, ಆದರೆ ವಾದ ಮುಂದುವರಿಸಲಿಲ್ಲ. ಅದರ ಬದಲು ನನ್ನನ್ನು ರ್‍ಯಾಕಿನ ಹತ್ತಿರ ಕರೆದರು.

"ಮೇಡಮ್ಮಾರ, ಇಲ್ಲೆ ಬರ್ರಿ. ಈ ತಳಗಿನ ಡಬ್ಬಿ ನೀವ ಒಂದಿಷ್ಟು ಎತ್ತಿ ತೋರಸ್ರಿ."

ನಮ್ಮಲ್ಲಿ ಭಾರದ ಸಾಮಾನೆಲ್ಲ ಕೆಳಗಿನ ಖಾನೆಯಲ್ಲಿರುತ್ತದೆ, ಮೇಲಿಂದ ಬಿದ್ದರೆ ಅಪಾಯ ಅಂತ. ನಾನು ಚಿತ್ರದಲ್ಲಿದ್ದ ಹಾಗೆ ನೆಟ್ಟಗೆ ಕೂತು ಮಂಡಿ ಬಗ್ಗಿಸಿದೆ. ಮಂಡಿ ಹೋಗಿ ಕೆಳಗಿನ ಕಬ್ಬಿಣದ ಪಟ್ಟಿಗೆ ತಾಗಿತು. ಡಬ್ಬ ಎರಡು ಮೊಳ ಒಳಗಿತ್ತು. ಕೈ ಚಾಚಿದೆ, ಸಿಗಲಿಲ್ಲ. ತಲೆ ಒಳಗೆ ಹಾಕಿದೆ, ಮೇಲಿನ ಪಟ್ಟಿ ಹಣೆಗೆ ಟಣ್ ಎಂದು ಬಡಿಯಿತು.

"ಮಂಡಿ ಬಗ್ಗಿಸಿದ್ರಿ, ಛಲೋ ಆತು" ಅಂದರು ಕಾಕಾ, ಬಹಳ ಗಂಭೀರವಾಗಿ. "ಈಗ ಕೈ ಒಂದ ಗೇಣು ಉದ್ದ ಮಾಡ್ರಿ."

ಸೂಪರ್‌ವೈಸರ್ ನೆಲಮಂಗಲದವರು, ನಗು ತಡೆಯಲಾರದೆ ಪಕ್ಕಕ್ಕೆ ತಿರುಗಿಕೊಂಡು, "ಇಂಗೆ ಆಯ್ತದೆ ಅಂತ ನಂಗೊತ್ತಿತ್ತು ಕಣ್ರೀ" ಅಂದರು. ನಾನು ಹಣೆ ಉಜ್ಜಿಕೊಂಡೆ. ಅಲ್ಲಿ ಸೊಂಟದಿಂದ ಬಗ್ಗಿ, ಮೈಯನ್ನು ಅರ್ಧ ಒಳಗೆ ತೂರಿಸಿ ಎಳೆಯದೆ ಬೇರೆ ದಾರಿಯೇ ಇರಲಿಲ್ಲ. ಕೆಳಗಿನ ಖಾನೆಯನ್ನು ಒಂದಡಿ ಮೇಲಕ್ಕೆತ್ತಬೇಕೆಂದು ಅವತ್ತು ಸಂಜೆಯೇ ಮೇಲಿನವರಿಗೆ ಬರೆದೆ. ಹಾಗೆ ಮಾಡಿದರೆ ಒಂದು ಸಾಲು ಸರಕಿಗೆ ಜಾಗ ಹೋಗುತ್ತದೆ, ತರಬೇತಿಯನ್ನು ಬಲಪಡಿಸಿ ಎಂದು ಉತ್ತರ ಬಂತು. ನಾನು ತರಬೇತಿಯನ್ನು ಬಲಪಡಿಸಿದೆ. ಅದೇ ಚಿತ್ರ, ಅದೇ ಮಾತು, ಒಂದು ಗಂಟೆ ಹೋಗಿ ಒಂದೂವರೆ ಗಂಟೆ ಆಯಿತು.

ಚಹಾದ ಹೊತ್ತಿನಲ್ಲಿ ಕಾಕಾನ ಪಕ್ಕ ಕೂರುವುದು ನನಗೆ ಅಭ್ಯಾಸವಾಯಿತು. ಹಮಾಲಿಯ ಬಗ್ಗೆ ಮಾತಾಡುವಾಗ ಅವರ ಹೆಗಲು ತಾನಾಗಿ ಮೇಲೇರುತ್ತಿತ್ತು. ಯಾರ್ಡಿನಲ್ಲಿ ಇಬ್ಬರು ಚೀಲ ಎತ್ತಿ ಒಬ್ಬನ ಬೆನ್ನ ಮೇಲೆ ಇಡುತ್ತಾರಂತೆ. ಅವನು ಒಂದು ಸಲ ಬಾಗಿ ಹೊತ್ತುಕೊಂಡು, ನಡೆದು, ಲಾರಿಯ ಮೇಲೆ ಕೆಡವುತ್ತಾನೆ.

"ಅಲ್ಲಿ ಚೀಲ ನಮ್ಮ ಬೆನ್ನಿಗೆ ಬರತಿತ್ತು. ಇಲ್ಲಿ ನಾವ ಹೋಗಿ ಚೀಲದ ಕಾಲಿಗೆ ಬೀಳಬೇಕು" ಅಂದರು ಒಮ್ಮೆ. "ಭಾರ ಹೊತ್ತು ಕೆಟ್ಟಾವರನ್ನ ನಾ ಕಂಡಿಲ್ರಿ. ಬೆನ್ನು ಇರೋದ ಹೊರಾಕ."

ಇಂಥ ಮಾತಿಗೆ ನಾನು ಸುಮ್ಮನಿರುವವಳಲ್ಲ. "ಕೆಟ್ಟವರು ಕೆಲಸ ಬಿಟ್ಟು ಹೋಗಿರ್ತಾರೆ ಕಾಕಾ. ಉಳಿದವರನ್ನ ಮಾತ್ರ ನೋಡಿ ಯಾರೂ ಕೆಟ್ಟಿಲ್ಲ ಅಂತಿದೀರಿ. ಹೋದವರನ್ನ ಎಲ್ಲಿ ಎಣಿಸಿದ್ರಿ?" ಅಂದೆ.

ಅವರು ಲೋಟ ಕೆಳಗಿಟ್ಟು ಎದ್ದು ಹೋದರು. ಸಿಟ್ಟು ಬಂತು ಅಂದುಕೊಂಡೆ. ಎರಡು ದಿನ ಬಿಟ್ಟು ರ್‍ಯಾಕುಗಳ ನಡುವೆ ಗಾಡಿ ತಳ್ಳಿಕೊಂಡು ಬರುತ್ತಿದ್ದವರು ನನ್ನನ್ನು ಕಂಡು ನಿಲ್ಲಿಸಿದರು.

"ಮೇಡಮ್ಮಾರ, ನೀವು ಅಂದಿದ್ದು ಖರೇ ಐತ್ರಿ. ನಮ್ಮ ಗುಂಪಿನ್ಯಾಗ ಒಬ್ಬಾವ ಇದ್ದ. ಮೂರು ಚೀಲ ಒಮ್ಮೆಲೆ ಹೊರತಿದ್ದ. ಒಂದಿನ ಬರೋದ ಬಿಟ್ಟ. ಊರಾಗ ಹೊಟೇಲ ಹಾಕ್ಯಾನ ಅಂತ ಅಂದ್ರು, ನಾನೂ ನಂಬಿದೆ. ಯಾಕ ಬಿಟ್ಟ ಅಂತ ಇವತ್ತಿನ ತನಕ ನಾ ಕೇಳಿಲ್ಲ."

ಹಾಗೆ ಹೇಳಿ ಗಾಡಿ ತಳ್ಳಿಕೊಂಡು ಹೋದರು. ಇಷ್ಟು ವರ್ಷ ವಾದ ಮಾಡಿದ್ದೇನೆ, ಗೆದ್ದಿದ್ದೇನೆ, ಸೋತಿದ್ದೇನೆ. ಆದರೆ ಎದುರಿನವರು ನನ್ನ ಮಾತನ್ನು ಮನೆಗೆ ಒಯ್ದು ಎರಡು ದಿನ ಇಟ್ಟುಕೊಂಡು, ವಾಪಸು ಬಂದು, ನಿನ್ನದು ಸರಿ ಅಂದದ್ದು ಅದೊಂದೇ ಸಲ. ನನ್ನ ಬಗ್ಗೆ ಹಾಗೆ ಹೇಳಲಾರೆ. ನಾನು ಯಾರ ಮಾತನ್ನೂ ಹಾಗೆ ಮನೆಗೆ ಒಯ್ದಿರಲಿಲ್ಲ.

ತಿಂಗಳ ಕೊನೆಗೆ ಎಲ್ಲರೂ ಒಂದು ಆರೋಗ್ಯದ ಫಾರ್ಮ್ ತುಂಬಬೇಕು. ತಲೆಸುತ್ತು ಇದೆಯೇ, ಕಣ್ಣು ಮಂಜಾಗುತ್ತದೆಯೇ, ಬೆನ್ನು ನೋವು ಇದೆಯೇ, ಹೀಗೆ ಹತ್ತು ಪ್ರಶ್ನೆ. ಪಕ್ಕದಲ್ಲಿ ಹೌದು, ಇಲ್ಲ. ಹುಡುಗರು ಓದುವುದೂ ಇಲ್ಲ. ಮೇಲಿನ 'ಇಲ್ಲ'ದಿಂದ ಕೆಳಗಿನ 'ಇಲ್ಲ'ದವರೆಗೆ ಒಂದೇ ಗೆರೆ ಎಳೆದು ಕೊಡುತ್ತಾರೆ. ಕಾಕಾ ಮಾತ್ರ ಗೋಡೆಗೆ ಕಾಗದ ಒತ್ತಿ ಹಿಡಿದು, ಪ್ರತಿ ಪದದ ಕೆಳಗೂ ಬೆರಳಾಡಿಸಿ, ತುಟಿ ಅಲುಗಿಸುತ್ತ ಓದುತ್ತಿದ್ದರು. ಒಂದು ಸಲ ಕಣ್ಣಿನ ಪ್ರಶ್ನೆಗೆ 'ಹೌದು' ಬರೆದು ಪಕ್ಕದಲ್ಲಿ 'ಸಂಜೀಕ ಮಾತ್ರ' ಅಂತ ಸೇರಿಸಿದ್ದರು. ಅವರನ್ನು ಕಣ್ಣಿನ ಪರೀಕ್ಷೆಗೆ ಕಳಿಸಿದರು, ಕನ್ನಡಕ ಬಂತು. "ಖರೇ ಬರದ್ರ ಕೆಲಸ ಆಗ್ತೈತಿ ನೋಡ್ರಿ" ಅಂತ ಅದನ್ನು ಎಲ್ಲರಿಗೂ ತೋರಿಸಿಕೊಂಡು ಓಡಾಡಿದರು.

ಬೆನ್ನಿನ ಪ್ರಶ್ನೆಗೆ ಪ್ರತಿ ತಿಂಗಳೂ 'ಇಲ್ಲ'.

ಇನ್ನು ನನ್ನ ಕಾಲಿನ ವಿಷಯ. ನಾನು ಹುಟ್ಟುವಾಗ ಕಾಲು ಮುಂದಾಗಿ ಬಂದವಳು. ಅಂಥವರು ತುಳಿದರೆ ಸೊಂಟದ ಉಳುಕು ಬಿಡುತ್ತದೆ ಅಂತ ತುಮಕೂರಿನ ನಮ್ಮ ಬೀದಿಯಲ್ಲಿ ನಂಬಿದ್ದರು. ಆರು ವರ್ಷದವಳಿದ್ದಾಗ ನನ್ನನ್ನು ಎತ್ತಿಕೊಂಡು ಹೋಗಿ, ಚಾಪೆಯ ಮೇಲೆ ಬೋರಲಾಗಿ ಮಲಗಿದ ಹೆಂಗಸರ ಸೊಂಟದ ಮೇಲೆ ನಿಲ್ಲಿಸುತ್ತಿದ್ದರು. ಕೈಗೆ ಬೆಲ್ಲದ ಚೂರು ಕೊಡುತ್ತಿದ್ದರು. ಚಹಾದ ಹೊತ್ತಿನಲ್ಲಿ ಮೂಢನಂಬಿಕೆಯ ಬಗ್ಗೆ ಹುಡುಗರ ಜೊತೆ ಜಗಳವಾಗಿ, ನಾನು ಇದನ್ನೇ ಉದಾಹರಣೆ ಕೊಟ್ಟೆ. ಬೀದಿಯಲ್ಲಿ ಎಷ್ಟೋ ಜನರನ್ನು ತುಳಿದಿದ್ದೇನೆ, ಒಬ್ಬರಿಗಾದರೂ ವಾಸಿಯಾಗಿದ್ದರೆ ಅವರು ಮುಂದಿನ ವಾರ ಮತ್ತೆ ಯಾಕೆ ಬರುತ್ತಿದ್ದರು ಅಂತ ಕೇಳಿದೆ. ಹುಡುಗರು, "ಮೇಡಂ ಕಾಲಿಗೆ ಬಿದ್ರೆ ಸಾಲ್ದು ಮಗಾ, ಕಾಲಡಿ ಮಲಗ್ಬೇಕು" ಅಂತ ತಮಾಷೆ ಮಾಡಿದರು. ಕಾಕಾ ನಗಲಿಲ್ಲ.

ಮರುದಿನ ಊಟದ ಬಿಡುವಿನಲ್ಲಿ ನನ್ನ ಮೇಜಿನ ಹತ್ತಿರ ಬಂದರು. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡರು.

"ಮೇಡಮ್ಮಾರ, ನೀವು ನಿನ್ನೆ ಅಂದ್ರಿ, ಕಾಲು ಮುಂದಾಗಿ ಹುಟ್ಟೇನಿ ಅಂತ."

"ಹೂಂ."

"ಒಂದ ಸಲ ಟೊಂಕ ತುಳೀತೀರೇನ್ರಿ? ಬಾಳ ಹಿಡಕೊಂಡೈತಿ."

ನನಗೆ ರೇಗಿತು. "ಕಾಕಾ, ನಿನ್ನೆ ಹೇಳಿದ್ದನ್ನ ಪೂರ್ತಿ ಕೇಳಿಸ್ಕೊಂಡ್ರಾ? ನಾನು ತುಳಿದವರಲ್ಲಿ ಯಾರಿಗೂ ವಾಸಿಯಾಗಿಲ್ಲ ಅಂದೆ."

"ಕೇಳ್ಕೊಂಡೇನ್ರಿ."

"ಮತ್ತೆ? ಹುಟ್ಟುವಾಗ ತಲೆ ಮುಂದೆ ಬಂತೋ ಕಾಲು ಮುಂದೆ ಬಂತೋ ಅನ್ನೋದಕ್ಕೂ ನಿಮ್ಮ ಮೂಳೆಗೂ ಏನು ಸಂಬಂಧ? ಇಂಥ ನೋವು ನಾಲ್ಕು ದಿನ ಆದ್ರೆ ತಾನಾಗೇ ಇಳಿಯತ್ತೆ. ಆ ಹೊತ್ತಿಗೆ ಯಾರು ತುಳಿದಿರ್ತಾರೋ ಅವರಿಗೆ ಹೆಸರು ಬರತ್ತೆ. ಅಷ್ಟೇ. ಅದೂ ಅಲ್ಲದೆ ದೊಡ್ಡೋರ ಮೈಮೇಲೆ ನಾನು ಕಾಲಿಡಲ್ಲ."

"ತಾನ ಇಳೀತೈತಿ ಅಂತೀರಿ."

"ಹೌದು."

"ಎರಡ ತಿಂಗಳಾತ್ರಿ."

ನಾನು ತಕ್ಷಣ ಹೇಳಿದೆ, "ನೋಡಿ, ಎರಡು ತಿಂಗಳಿಂದ ಹೋಗದ ನೋವು ನನ್ನ ಕಾಲು ತಾಗಿದ ಕೂಡಲೇ ಹೋಗುತ್ತೆ ಅಂತ ಹೇಗೆ ನಂಬ್ತೀರಿ?"

ಅವರು ನಕ್ಕು, "ನೀವ ಗೆದ್ರಿ ಬಿಡ್ರಿ" ಅಂದು, ಕೈಯನ್ನು ಮೇಜಿನ ಅಂಚಿಗೆ ಊರಿ ತಿರುಗಿಕೊಂಡು ಹೋದರು.

ಯಾರಾದರೂ ನೋವು ಎಂದರೆ ಅದೇ ದಿನ ಬರೆದುಕೊಳ್ಳಬೇಕು ಅನ್ನುವುದು ನನ್ನ ಕೆಲಸದ ಮೊದಲ ನಿಯಮ. ಅದಕ್ಕೊಂದು ನೋಟುಪುಸ್ತಕವೂ ಇದೆ. ಮೇಜಿನ ಮೇಲೆ, ಅವರು ಕೈಯೂರಿದ ಜಾಗದ ಪಕ್ಕದಲ್ಲೇ ಇತ್ತು. ನನಗೆ ಅದು ನೆನಪಿಗೇ ಬರಲಿಲ್ಲ. ಒಂದು ಮೂಢನಂಬಿಕೆಗೆ ತಕ್ಕ ಉತ್ತರ ಕೊಟ್ಟೆನೆಂಬ ಖುಷಿಯಲ್ಲಿ ಡಬ್ಬಿ ತೆರೆದು ಊಟ ಮಾಡಿದೆ.

ಅದಾಗಿ ಐದಾರು ವಾರಕ್ಕೆ ಆ ಮಧ್ಯಾಹ್ನ ಬಂತು. ಅವರು ಕೆಳಗಿನ ಖಾನೆಯಿಂದ ಡೈಪರಿನ ಪೊಟ್ಟಣವೊಂದನ್ನು ಎಳೆಯಲು ಬಗ್ಗಿದ್ದರು. ಹತ್ತಿಯಷ್ಟು ಹಗುರ. ಬೀಳಲಿಲ್ಲ, ಕೂಗಲಿಲ್ಲ. ಬಗ್ಗಿದವರು ಬಗ್ಗಿದ ಹಾಗೇ ಇದ್ದರು, ಒಂದು ಕೈ ರ್‍ಯಾಕಿನ ಪಟ್ಟಿಯ ಮೇಲೆ, ಇನ್ನೊಂದರಲ್ಲಿ ಪೊಟ್ಟಣ. ಏನೋ ಬಿದ್ದಿದ್ದನ್ನು ಹುಡುಕುತ್ತಿದ್ದಾರೆ ಅಂದುಕೊಂಡು ಇಬ್ಬರು ಅವರನ್ನು ದಾಟಿಕೊಂಡೇ ಹೋಗಿದ್ದರು. ಸೂಪರ್‌ವೈಸರ್ ಬಂದು, "ಏನ್ ಕಾಕಾ, ಚಿನ್ನ ಸಿಕ್ತಾ?" ಅಂದಾಗ ಮೆಲ್ಲಗೆ, "ಸರ, ನನ್ನ ಯಾರರ ನಿಂದರಸ್ರಿ" ಅಂದರಂತೆ. ನಾನು ಓಡಿ ಬರುವಷ್ಟರಲ್ಲಿ ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು. ಪೊಟ್ಟಣವನ್ನು ಕೈಯಿಂದ ಬಿಡಿಸಿದ್ದು ನಾನು. ಅಷ್ಟು ಬಿಗಿಯಾಗಿ ಹಿಡಿದಿದ್ದರು.

ಡಾಕ್ಟರು ಸ್ಕ್ಯಾನ್ ಮಾಡಿಸಿ, ಸೊಂಟದ ಕೆಳಭಾಗದಲ್ಲಿ ಮೂಳೆಗಳ ನಡುವಿನ ಮೆತ್ತೆ ಜರುಗಿ ನರ ಒತ್ತುತ್ತಿದೆ, ಇನ್ನು ಬಗ್ಗಿ ಎತ್ತುವ ಕೆಲಸ ಕೂಡದು ಅಂದರು. ನಮ್ಮಲ್ಲಿ ಬಗ್ಗದೆ ಮಾಡುವ ಕೆಲಸ ಒಂದಿದೆ. ಲೇಬಲ್ ಅಂಟಿಸುವ ಮೇಜು. ಸೊಂಟದೆತ್ತರ ಇದೆ, ನಿಂತೂ ಮಾಡಬಹುದು, ಕೂತೂ ಮಾಡಬಹುದು. ಕೆಲಸದಲ್ಲಿ ಪೆಟ್ಟು ತಿಂದವರಿಗೆ ಅದನ್ನು ಕೊಡುತ್ತಾರೆ. ಪೆಟ್ಟು ಕೆಲಸದಲ್ಲಿ ಆದದ್ದಲ್ಲ ಎಂದಾದರೆ ಏಜೆನ್ಸಿ ಕಾರ್ಡು ವಾಪಸು ಪಡೆಯುತ್ತದೆ. ಕಾಕಾಗೆ ಮೇಜೋ ಮನೆಯೋ ಎಂದು ತೀರ್ಮಾನಿಸಲು ಒಂದು ಮೀಟಿಂಗ್ ಕರೆದರು.

ಎಚ್‌ಆರ್ ಮ್ಯಾನೇಜರ್, ಏಜೆನ್ಸಿಯವರು, ಸೂಪರ್‌ವೈಸರ್, ನಾನು. ಕಾಕಾಗೆ ಕುರ್ಚಿ ತೋರಿಸಿದರು.

"ಕುಂಡ್ರಾಕ ಆಗಂಗಿಲ್ರಿ. ನಿಂದರತೀನಿ."

ಮ್ಯಾನೇಜರ್ ಕೆಟ್ಟ ಮನುಷ್ಯರಲ್ಲ. ದನಿ ಎತ್ತದೆ, ಹನ್ನೊಂದು ಫಾರ್ಮುಗಳನ್ನು ಮೇಜಿನ ಮೇಲೆ ಹರಡಿದರು. "ಎಲ್ಲಾ ಇವರ ಕೈಬರಹನೇ. ಹನ್ನೊಂದು ಸಲ ಬೆನ್ನು ನೋವು ಇಲ್ಲ ಅಂತಿದೆ. ಗೆರೆ ಎಳೆದು ಕೊಡೋ ಹುಡುಗ್ರ ಥರ ಆಗಿದ್ರೆ ನಾನೇ ಬಿಟ್ಬಿಡ್ತಿದ್ದೆ. ಇವ್ರು ಓದಿ ಬರೆಯೋರು. ಕಣ್ಣಿಂದು ಹೇಳಿದ್ರು, ಕನ್ನಡಕ ಮಾಡಿಸ್ಕೊಟ್ವಿ. ಬೆನ್ನಿಂದು ಇದ್ದಿದ್ರೆ ಹೇಳ್ತಿರ್ಲಿಲ್ವಾ? ಅವತ್ತು ಎತ್ತಿದ್ದಾದ್ರೂ ಏನು, ಡೈಪರ್. ಹಾಗಾದ್ರೆ ಈ ತೊಂದರೆ ಇಲ್ಲಿಂದು ಅಂತ ನಾನು ಹೇಗೆ ಬರೀಲಿ?"

ಒಳ್ಳೆಯ ವಾದ. ಅವರ ಜಾಗದಲ್ಲಿದ್ದರೆ ನಾನೂ ಇದನ್ನೇ ಮಂಡಿಸುತ್ತಿದ್ದೆ. ಆಗ ಕಾಕಾ ಬಾಯಿಬಿಟ್ಟರು.

"ಬೆನ್ನು ಈಗೂ ಛಲೋ ಐತ್ರಿ. ನಂದು ಟೊಂಕ ಹೋಗೈತಿ."

ಕೋಣೆಯಲ್ಲಿ ಯಾರಿಗೂ ಏನೂ ಅನ್ನಿಸಲಿಲ್ಲ. ನನಗೆ ಮಾತ್ರ ಮೊದಲ ತರಬೇತಿಯ ಆ ಡಬ್ಬ ನೆನಪಾಯಿತು. ಅವರ ಲೆಕ್ಕದಲ್ಲಿ ಬೆನ್ನು ಎಂದರೆ ಚೀಲ ಕೂರುವ ಜಾಗ, ಹೆಗಲಿನಿಂದ ಕೆಳಗೆ ಪಕ್ಕೆಯ ತನಕ. ಹಮಾಲ ಅದು ನೋಯುತ್ತದೆ ಎಂದರೆ ಹಮಾಲಿಯೇ ಮುಗಿಯಿತು. ಅದರ ಕೆಳಗಿನದ್ದು ಟೊಂಕ. ಅದು ಬೇರೆ. ಬೆರಳಿಟ್ಟು ಓದಿ ಹನ್ನೊಂದು ಸಲ ಅವರು ನಿಜವನ್ನೇ ಬರೆದಿದ್ದರು. ಕೇಳಿದ್ದು ತಪ್ಪಾಗಿತ್ತು. ಕೇಳಿದ್ದು ನಾನು.

ಎದ್ದು ನಿಂತೆ. ಅವತ್ತು ಮಾತಾಡಿದಷ್ಟು ಚೆನ್ನಾಗಿ ಯಾವ ವೇದಿಕೆಯಲ್ಲೂ ಮಾತಾಡಿಲ್ಲ ಅಂತ ಕಾಣುತ್ತದೆ. ಪದ ಹೇಗೆ ಊರಿಂದೂರಿಗೆ ಬೇರೆಯಾಗುತ್ತದೆ, ಮೊದಲ ತರಬೇತಿಯಲ್ಲೇ ಅವರು ಈ ವ್ಯತ್ಯಾಸ ಹೇಳಿದ್ದರು, ಈ ಫಾರ್ಮು ಅವರನ್ನು ಕೇಳಬೇಕಾದ್ದನ್ನು ಕೇಳಿಯೇ ಇಲ್ಲ, ಎಲ್ಲ ಹೇಳಿದೆ. ಮ್ಯಾನೇಜರ್ ಪೆನ್ನು ಕೆಳಗಿಟ್ಟು ಕೇಳಿದರು. "ಸಕ್ಕತ್ ಪಾಯಿಂಟು. ಇದು ನಮ್ಗೆ ಹೊಳೆದೇ ಇರ್ಲಿಲ್ಲ" ಅಂದರು. ಆಮೇಲೆ ಕಾಕಾನ ಕಡೆ ತಿರುಗಿದರು.

"ಸರಿ, ಫಾರ್ಮು ಬಿಡೋಣ ಕಾಕಾ. ಬಾಯಿಮಾತಲ್ಲಾದ್ರೂ ಯಾರ ಹತ್ರನಾದ್ರೂ ಹೇಳಿದ್ರಾ, ನೋವಿದೆ ಅಂತ? ಸೂಪರ್‌ವೈಸರ್‌ಗೆ? ಇಲ್ಲಾ ಮೇಡಂಗೆ? ಒಬ್ಬರು ಹೌದು ಅಂದ್ರೂ ಸಾಕು, ನಾನು ಬರ್ಕೋತೀನಿ."

ಕಾಕಾ ನನ್ನತ್ತ ನೋಡಿದರು. ದೂರುವ ನೋಟವಾಗಿರಲಿಲ್ಲ. ಏನೋ ಮರೆತದ್ದನ್ನು ಜ್ಞಾಪಿಸಿಕೊಳ್ಳುವವರ ಹಾಗೆ ನೋಡಿದರು. ಆಮೇಲೆ, "ಇಲ್ರಿ, ಯಾರಿಗೂ ಹೇಳಿಲ್ಲ" ಅಂದರು.

ನಾನಿನ್ನೂ ನಿಂತೇ ಇದ್ದೆ. ಹೇಳಬಹುದಿತ್ತು. ಹೇಳಿದರೆ ಆ ನೋಟುಪುಸ್ತಕ ತೆಗೆಯಬೇಕು, ಅದರಲ್ಲಿ ಆ ದಿನದ ಪುಟ ಖಾಲಿ ಇದೆ, ನನ್ನನ್ನು ಕಾಯಂ ಮಾಡುವ ಪತ್ರ ಆ ತಿಂಗಳೇ ಬರಬೇಕಿತ್ತು. ಇಷ್ಟೂ ನನಗೆ ಒಟ್ಟಿಗೇ ಹೊಳೆಯಿತು. ಟೊಂಕದ ಬಗ್ಗೆ ಅಷ್ಟು ಹೊತ್ತು ಮಾತಾಡಿದ್ದೇ, ಎರಡು ತಿಂಗಳ ವಿಷಯ ಮಾತಾಡದಿರಲು ಎಂದೂ ಹೊಳೆಯಿತು. ಕೂತುಕೊಂಡೆ.

ಏಜೆನ್ಸಿಯವರು ಕಾರ್ಡಿಗೆ ಕೈ ಚಾಚಿದರು. ಕಾಕಾ ಅದರ ದಾರವನ್ನು ತಲೆಯಿಂದ ತೆಗೆಯಲು ಹೋಗಿ ಮುಂದಕ್ಕೆ ಬಾಗಲಾಗದೆ ತಡವರಿಸಿದರು. ಸೂಪರ್‌ವೈಸರ್ ಎದ್ದು ಬಿಡಿಸಿಕೊಟ್ಟರು. ಮುಂದಿನ ತಿಂಗಳ ಫಾರ್ಮಿನಲ್ಲಿ ಪ್ರಶ್ನೆ ಬದಲಾಗಿತ್ತು: 'ಬೆನ್ನು / ಸೊಂಟ / ಟೊಂಕ ನೋವು ಇದೆಯೇ?' ನನಗೊಂದು ಮೆಚ್ಚುಗೆಯ ಪತ್ರ ಬಂತು. ಅದರ ಹಿಂದೆಯೇ ಕಾಯಂ ಮಾಡಿದ ಪತ್ರವೂ ಬಂತು.

ಅವರ ರೂಮಿಗೆ ಹೋಗಲು ನನಗೆ ಮೂರು ವಾರ ಬೇಕಾಯಿತು. ಭಾನುವಾರ ಬೆಳಿಗ್ಗೆ. ಕೆಳಗೆ ಮನೆಯ ಓ‌ನರಮ್ಮ ಸ್ಕೂಟರ್ ತೊಳೆಸುತ್ತ ನಿಂತಿದ್ದರು. "ಕಾಕನ್ನ ನೋಡಕ್ ಬಂದ್ರಾ? ಮ್ಯಾಲವ್ರೆ. ಕೆಳಗೆ ಇಳಿಯೋದೇ ಬುಟ್ಬುಟ್ರು ಕಣಮ್ಮ. ಎಂಗಿದ್ದ ಆಳು, ಇಂಗಾಗೋದ್ರು" ಅಂದರು.

ಕಾಕಾ ಬಾಗಿಲ ಪಕ್ಕದ ಗೋಡೆಗೆ ಅಂಗೈಯೂರಿ ನಿಂತಿದ್ದರು. ಒಂದು ಕಾಲು ನೆಲಕ್ಕೆ ಪೂರ್ತಿ ತಾಗುತ್ತಿರಲಿಲ್ಲ. ಬಾಯಿ ತುಂಬ, "ಬರ್ರಿ ಬರ್ರಿ ಮೇಡಮ್ಮಾರ" ಅಂದರು. ಹೆಂಡತಿ ನೆಲದ ಮೇಲೆ ಕೂತು ಏನೋ ಬರೆಯುತ್ತಿದ್ದವರು ಚಾಪೆ ಸರಿಸಿದರು. ನಾನು ಕೂರದೆ, ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದದ್ದನ್ನು ಹೇಳಿಬಿಟ್ಟೆ.

"ಅವತ್ತು ನೀವು ನನ್ನ ಹತ್ರ ಹೇಳಿದ್ರಿ ಕಾಕಾ. ಎರಡು ತಿಂಗಳಾಯ್ತು ಅಂದ್ರಿ. ನಾನು ಬರ್ಕೊಳ್ಳಲಿಲ್ಲ. ಮೀಟಿಂಗಲ್ಲಿ ಯಾರಿಗೂ ಹೇಳಿಲ್ಲ ಅಂದ್ರಲ್ಲ, ಯಾಕೆ? ನನ್ನನ್ನ ಉಳಿಸೋಕಾ?"

ಅವರಿಗೆ ಆಶ್ಚರ್ಯವಾಯಿತು. "ನಿಮ್ಮನ್ನ ಉಳಸಾಕ ಅಲ್ರಿ. ಅವತ್ತು ಮಾತಾಡಿದ ಮ್ಯಾಲೆ ನಾ ಎರಡ ದಿನ ವಿಚಾರ ಮಾಡಿದ್ದೆ. ನಾ ನಿಮಗ ತುಳೀರಿ ಅಂದೆ. ನೋವಿಂದು ಹೇಳಿದ್ರ ನೀವು ಬರ್ಕೊಂತಿದ್ರಿ, ಅದು ನಿಮ್ಮ ಕೆಲಸ. ಬರ್ಕೊಂಡಿಲ್ಲ ಅಂದ್ರ ನಾ ಸರಿಯಾಗಿ ಹೇಳಿಲ್ಲ ಅಂತ ತಿಳಕೊಂಡೆ."

ಅವರು ಅದನ್ನು ನಂಬಿದ್ದರು. ಎರಡು ದಿನ ಮನೆಯಲ್ಲಿಟ್ಟುಕೊಂಡು, ತೂಗಿ, ತಪ್ಪು ತಮ್ಮದೆಂದು ತೀರ್ಮಾನಿಸಿದ್ದರು.

"ನಾಳೆ ಹೋಗಿ ನಾನೇ ಹೇಳ್ತೀನಿ" ಅಂದೆ. "ಮತ್ತೆ ಮೀಟಿಂಗ್ ಕರೆಯೋಕೆ ಹೇಳ್ತೀನಿ."

"ಬ್ಯಾಡ್ರಿ ಯಕ್ಕಾ." ಹೆಂಡತಿ ತಲೆ ಎತ್ತಿದರು. "ಈಗ ಅವರ ಹೆಸರು ಅಲ್ಲಿ ಎತ್ತಬ್ಯಾಡ್ರಿ. ನಾ ಅಲ್ಲೇ ಸೇರಾಕತ್ತೀನಿ."

ಅವರ ಮುಂದಿದ್ದದ್ದು ನಮ್ಮದೇ ಏಜೆನ್ಸಿಯ ಅರ್ಜಿ. ಅದರೊಂದಿಗೆ ಆರೋಗ್ಯದ ಫಾರ್ಮು. ಎಲ್ಲ ತುಂಬಿದ್ದರು, ಒಂದು ಸಾಲು ಬಿಟ್ಟಿತ್ತು. ಪೆನ್ನಿನಿಂದ ಅದನ್ನು ತೋರಿಸಿದರು.

"ಟೊಂಕ ಅಂತ ಐತಿ ಇಲ್ಲಿ. ನಮ್ಮೂರ ಶಬ್ದ. ದಿನಾ ಏಳೆಂಟು ಮನೆ ನೆಲ ವರಸ್ತೀನ್ರಿ, ಟೊಂಕ ನಂಗೂ ಹಿಡದೈತಿ. ಹೌದು ಅಂತ ಬರದ್ರ ಏನ್ ಮಾಡ್ತಾರ?"

"ತಗೊಳ್ಳಲ್ಲ" ಅಂದೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ಹಂಗಾದ್ರ ಸೇರಬ್ಯಾಡ" ಅಂದರು ಕಾಕಾ ಗೋಡೆಯ ಹತ್ತಿರದಿಂದ. "ಬೆನ್ನು ಅಂತ ಕೇಳಿದ್ರ ಇಲ್ಲ ಅನ್ನಬಹುದಿತ್ತು. ಈಗ ಸರಿಯಾಗಿ ಕೇಳ್ಯಾರ. ಸುಳ್ಳ ಬರೀಬ್ಯಾಡ."

"ನೀ ಖರೇ ಬರದು ಯಾವ ಮೇಜಿನ ಮುಂದ ನಿಂತಿ?"

ಹೆಂಡತಿ ನನ್ನ ಮುಖ ನೋಡಿದರು. ಅದು ನಾನು ಗೆದ್ದು ತಂದ ಪದ. ನೋವು ಬಂದ ಮೇಲೂ ಒಬ್ಬ ಪ್ರಾಮಾಣಿಕ ಮನುಷ್ಯನಿಗೆ ಸುಳ್ಳು ಹೇಳದೆ ಕೆಲಸದಲ್ಲಿರಲು ಬಿಟ್ಟಿದ್ದ ಸಂದನ್ನು ಅದು ಮುಚ್ಚಿತ್ತು. 'ಇಲ್ಲ' ಅಂತ ಬರೆಯಿರಿ ಅನ್ನಲು ಆಗಲಿಲ್ಲ, ಬೇಡ ಅನ್ನಲೂ ಆಗಲಿಲ್ಲ. ಹೆಂಡತಿ ಕಾಗದವನ್ನು ಮೊಣಕಾಲ ಮೇಲೆ ಎಳೆದುಕೊಂಡು 'ಇಲ್ಲ'ಕ್ಕೆ ಗುರುತು ಹಾಕಿದರು.

ಮುಂದಿನ ಸೋಮವಾರ ಹೊಸಬರ ತರಬೇತಿಯಲ್ಲಿ ಎರಡನೇ ಸಾಲಿನಲ್ಲಿ ಕಾಕಾನ ಹೆಂಡತಿ ನಿಂತಿದ್ದರು. ಹೊಸ ಕಾರ್ಡು, ಸೆರಗು ಸೊಂಟಕ್ಕೆ ಬಿಗಿದು. ಅವರ ಸರದಿ ಬಂದಾಗ ಡಬ್ಬದ ಹತ್ತಿರ ಬಂದರು. ನಾನು, "ಮಂಡಿ ಬಗ್ಗಿಸಿ" ಅಂದೆ. ಬಗ್ಗಿಸಿದರು. "ಎತ್ತಿ" ಅಂದೆ. ಒಂದು ಕ್ಷಣ ಉಸಿರು ಹಿಡಿದು ಎತ್ತಿದರು. ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ಸರಿ ಹಾಕಿ, ಮುಂದಿನವರನ್ನು ಕರೆದೆ.